ಮಕ್ಕಳ ಸ್ಟೂಲಿನ ಮೇಲೆ ಪರೀಕ್ಷೆ

ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಚೀಟಿ ಬರೆಯುವಾಕೆ ತಲೆಯೆತ್ತಿ ನೋಡಿದರೆ, ಅರವತ್ತು ದಾಟಿದ ಯಜಮಾನರೊಬ್ಬರು ಮಕ್ಕಳ ಪುಟ್ಟ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಿದ್ದರು. ಎದುರಿಗೆ ಹೆಂಡತಿ.

“ಆ ಸ್ಪೋರ್ಟ್ಸ್ ಕಾರಿನ ಸೀಟು ಇಷ್ಟೇ ಎತ್ತರ ಕಣೇ.”

“ಸೆಕೆಂಡ್ ಹ್ಯಾಂಡು ಅಂತೀರಿ, ಗಟ್ಟಿಯಾಗಿದೆಯಾ?”

“ನಮ್ಮಿಬ್ಬರಿಗಿಂತ ಗಟ್ಟಿ. ನಮ್ಮ ದೊಡ್ಡ ಕಾರು ಮಾರಿ ಇದನ್ನ ತಗೊಂಡ್ರೆ ಅರ್ಧ ದುಡ್ಡು ಕೈಯಲ್ಲೇ ಉಳಿಯುತ್ತೆ.”

“ಹಿಂದಿನ ಸೀಟಲ್ಲಿ ಯಾರು ಕೂರ್ತಾರೆ?”

“ನಿನ್ನ ಬ್ಯಾಗು. ನಿಮ್ಮಣ್ಣ ಅದ್ರಲ್ಲಿ ಹಿಡಿಸಲ್ಲ.”

“ನಿಮ್ಮಕ್ಕನೂ ಹಿಡಿಸಲ್ವಲ್ಲ, ಹಾಗಾದ್ರೆ ತಗೊಳ್ಳಿ. ಈಗ ಏಳಿ ನೋಡೋಣ.”

ಯಜಮಾನರು ಎರಡು ಸಲ ಉಸ್ಸೆಂದರು, ಏಳಲಾಗಲಿಲ್ಲ. ಚೀಟಿಯಾಕೆ ನಗು ನುಂಗಿಕೊಂಡು ಅವರ ನಂಬರು ಕೂಗಿದಳು.

“ಆ ಕಾರಿಗೆ ಬಾಗಿಲು ಎಷ್ಟು ಅಂದ್ರಿ?” ಹೆಂಡತಿ ಕೇಳಿದರು.

“ಎರಡೇ.”

ಆಕೆ ಗಂಡನನ್ನು ಕೈಹಿಡಿದೆಬ್ಬಿಸಿ ಒಳಗೆ ಕರೆದೊಯ್ಯುತ್ತ ಅಂದರು: “ಸಾಕು ಬಿಡಿ. ಒಂದರಿಂದ ನಾನಿಳಿದು ಸುತ್ತಿಕೊಂಡು ಬಂದು, ಇನ್ನೊಂದರಿಂದ ನಿಮ್ಮನ್ನ ಎಳ್ಕೋತೀನಿ.”