ಎಡಗಡೆಯ ಗೀರುಗಳು

…ಅಲ್ಲ, ನಗಬೇಡ ರಾಡ್ನಿ. ಯಾರೋ ನನ್ನ ಸೈಕಲ್ಲಿನ ಮೇಲೆ ಹಗೆ ತೀರಿಸ್ಕೊಳ್ತಿದ್ದಾರೆ ಅಂದ್ರೆ ನಿನಗೆ ತಮಾಷೆ. ಮೊದಲು ಅದನ್ನ ರಿಪೇರಿ ಸ್ಟ್ಯಾಂಡಿಗೆ ಏರಿಸು, ತೋರಿಸ್ತೀನಿ. ಹಾಂ, ಹಾಗೆ. ಸೀಟಿನ ಕೆಳಗೆ ಹಿಡಿದು ಬಿಗಿ ಮಾಡು, ಮೇಲಿನ ಕೊಳವೆಗೆ ಕೈ ಹಚ್ಚಬೇಡ, ಕಾರ್ಬನ್ನು, ಮೊಟ್ಟೆ ಚಿಪ್ಪಿನ ಹಾಗೆ ಬಿರುಕು ಬಿಟ್ಟೀತು. ಗೊತ್ತಪ್ಪ, ನಿನಗೆ ಗೊತ್ತು. ಇಷ್ಟು ವರ್ಷದಿಂದ ಇದೇ ಶೆಡ್ಡಿನಲ್ಲಿ ಮೊಣಕೈವರೆಗೆ ಗ್ರೀಸು ಮೆತ್ಕೊಂಡು ಕೂತವನಿಗೆ ನಾನು ಹೇಳ್ಕೊಡಬೇಕಾ. ಆದರೂ ಹೇಳ್ತೀನಿ. ಹೇಳದಿದ್ರೆ ನಿನಗೆ ಬೇಜಾರಾಗುತ್ತೆ.

ಈಗ ನೋಡು. ಈ ಬ್ರೇಕಿನ ಹಿಡಿ, ತುದಿ ಉಜ್ಜಿ ಹೋಗಿದೆ. ಹ್ಯಾಂಡಲ್ಲಿನ ಟೇಪು ಹರಿದಿದೆ, ಹೋದ ತಿಂಗಳು ನೀನೇ ಸುತ್ತಿಕೊಟ್ಟಿದ್ದು. ಪೆಡಲಿನ ಅಂಚು ಕಿತ್ತುಹೋಗಿದೆ. ಈ ಕಡೆ ಗೀರು, ಇಲ್ಲೊಂದು ಗೀರು. ಬಲಗಡೆ ಬಂದು ನೋಡು, ಕನ್ನಡಿ ಥರ ಹೊಳೀತಿದೆ. ಆಗಿದ್ದೆಲ್ಲ ಎಡಗಡೆಯೇ. ತಾನಾಗಿ ಆಗೋದಾ ಇದು, ನೀನೇ ಹೇಳು. ಶನಿವಾರದ ಸವಾರಿ ಮುಗಿಸಿ ಕಾಫಿ ಅಂಗಡಿ ಮುಂದೆ ನಾವೆಲ್ಲ ಸೈಕಲ್ ಬೇಲಿಗೆ ಒರಗಿಸಿ ಒಳಗೆ ಹೋಗ್ತೀವಲ್ಲ, ಆಗ ಯಾರೋ ಬಂದು ಒದ್ದು ಹೋಗ್ತಿದ್ದಾರೆ. ಯಾರೋ ಅಂದ್ರೆ ಯಾರೋ ಅಲ್ಲ. ನಮ್ಮ ಗುಂಪಿನ ಡೆಸ್ಮಂಡು.

ಹುಬ್ಬು ಇಳಿಸು. ನನ್ನ ಹತ್ರ ಕಾರಣ ಇದೆ. ಅವನು ಸೈಕಲ್ಲಿನ ತೂಕ ಇಳಿಸಬೇಕು ಅಂತ ಒಂದೊಂದು ಬೋಲ್ಟನ್ನೂ ಟೈಟೇನಿಯಂದು ಹಾಕಿಸ್ಕೊಂಡನಲ್ಲ, ಆವತ್ತೇ ಬ್ಲ್ಯಾಕ್ ರಾಕ್‌ನಲ್ಲಿ ಕಾಫಿಗೆ ಕೂತು ಎರಡು ವೆನಿಲ್ಲಾ ಸ್ಲೈಸ್, ಆ ದಪ್ಪ ಕೆನೆ ಕೇಕು, ಇಳಿಸಿದ. ನಾನು ಸುಮ್ಮನಿರಬಹುದಿತ್ತು. ಡೆಸ್ಮಂಡ್, ಬೋಲ್ಟಿನ ಬದಲು ಬೆಲ್ಟು ಸಡಿಲ ಮಾಡ್ಕೊಂಡಿದ್ರೆ ಸಾಕಿತ್ತಲ್ಲ ಅಂದೆ. ಇಡೀ ಗುಂಪು ನಕ್ಕಿತು. ನೀನು ಮೂಗಿನಿಂದ ಕಾಫಿ ಬರೋ ಹಾಗೆ ನಕ್ಕೆ. ಆವತ್ತಿಂದ ಅವನಿಗೆ ನಾನು ಅಂದ್ರೆ ಆಗಲ್ಲ. ಮ್ಯಾಗ್‌ಪೈ ಹಕ್ಕಿ ಎರಗುತ್ತೆ ಅಂತ ಹೆಲ್ಮೆಟ್ ತುಂಬಾ ಪ್ಲಾಸ್ಟಿಕ್ ಪಟ್ಟಿ ಚುಚ್ಕೊಂಡು ಮುಳ್ಳುಹಂದಿ ಥರ ಬರ್ತಾನೆ. ಆದರೂ ಹಕ್ಕಿ ಅವನನ್ನೇ ಹುಡುಕ್ಕೊಂಡು ಬಂದು ಕುಕ್ಕುತ್ತೆ. ಹಕ್ಕಿಗೂ ಗೊತ್ತು, ಎಂಥವನು ಅಂತ.

ಟೀ ಕೊಡೋ ಅಭ್ಯಾಸ ಬಿಟ್ಟೆಯಾ ಇವತ್ತು? ಏನು? ಎಲ್ಲಿ ಕೈ ತೋರಿಸ್ತಿದ್ದೀಯ… ಓ. ಇಲ್ಲೇ ಇಟ್ಟಿದ್ದೀಯಾ. ಆಗಲೇ ಇಟ್ಟೆಯಾ? ಬಾಯಿಬಿಟ್ಟು ಹೇಳಬಾರದಾ ಮಾರಾಯ, ಆರಿ ತಣ್ಣಗಾಗಿದೆ. ಅಂದಹಾಗೆ ನಿನ್ನ ಕಸದ ಡಬ್ಬಾನ ರಸ್ತೆ ಮಧ್ಯಕ್ಕೆ ತಂದಿಟ್ಟಿದ್ದೀಯ. ಬರುವಾಗ ಅದಕ್ಕೆ ಗುದ್ದಿ ಬಂದೆ. ಅಂಚಿನಲ್ಲೇ ಇದೆ ಅಂತೀಯಾ? ಅಂಚು ಅಂದ್ರೆ ಎಲ್ಲಿ ಅಂತ ನಾವಿಬ್ಬರೂ ಇನ್ನೊಂದು ದಿನ ಜಗಳ ಆಡೋಣ.

ಪೆಡಲ್ ತಿರುಗಿಸು. ಕೇಳಿಸ್ತಾ, ಆ ಕಿರಕಿರ? ಬೇರಿಂಗು ಹೋಗಿದೆ ಅಂತ ಡೆಸ್ಮಂಡ್ ಹೇಳಿದ. ಅವನಿಗೆ ಎಲ್ಲ ಸದ್ದೂ ಬೇರಿಂಗೇ. ಸೀಟಿನ ಕಂಬ ಬಿಚ್ಚಿ ಒರೆಸಿ ಚೂರು ಗ್ರೀಸು ಹಚ್ಚು, ನಿಲ್ಲುತ್ತೆ, ಬರೆದುಕೊಡ್ತೀನಿ. ಪಿರನೀಸ್ ಬೆಟ್ಟಗಳನ್ನ ಹತ್ತಿ ಇಳಿದವಳು ನಾನು. ಟರ್ಕಿಯಲ್ಲಿ ಕುರಿಮಂದೆಯ ನಾಯಿಗಳನ್ನ ಗಾಳಿ ಹೊಡೆಯೋ ಪಂಪಿನಲ್ಲಿ ಹೆದರಿಸಿ ಓಡಿಸಿದವಳು. ಇಬ್ಬರು ಗಂಡಂದಿರನ್ನ ಏರಿನಲ್ಲಿ ಹಿಂದೆ ಬಿಟ್ಟು, ಇಳಿಜಾರಿನಲ್ಲೂ ಕಾಯದೆ ಬಂದವಳು. ನನಗೆ ಹೇಳ್ತಾನೆ ಅವನು, ಬೆರಿಲ್, ಇನ್ನು ಸ್ವಲ್ಪ ಹಿಂದೆ ಬಾ, ಗಾಳಿ ಇಲ್ಲದ ಕಡೆ ಆರಾಮಾಗಿ ಬಾ ಅಂತ. ಆರಾಮಂತೆ. ಅವನ ಆರಾಮದಲ್ಲಿ ನನಗೆ ಬರೀ ಕುತಂತ್ರ ಕಾಣುತ್ತೆ. ಮುಂದಿನ ಸಾಲಿನ ಎಡಗಡೆ ನನ್ನ ಜಾಗ. ಅದು ಬೇಕು ಅವನಿಗೆ.

ಈಗ ಗ್ವೆಂಡಾ ಬಿದ್ದಿದ್ದೇ ಅವನಿಗೆ ನೆಪ ಆಯ್ತು.

ನೀನು ಆವತ್ತು ಬಾಲದಲ್ಲಿದ್ದೆ, ನಿನಗೆ ಬರೀ ಬೆನ್ನುಗಳು ಕಂಡಿರ್ತವೆ. ಆದ್ದರಿಂದ ನಾನು ಹೇಳಿದ್ದು ಕೇಳು. ಮೆಂಟೋನ್ ದಾಟಿದ ಮೇಲೆ ಪೈಪಿಗೆ ಅಗೆದು ಹಾಗೇ ಬಿಟ್ಟಿದ್ದಾರಲ್ಲ, ಆ ಗುಂಡಿ. ಇಬ್ಬಿಬ್ಬರ ಸಾಲಿನಲ್ಲಿ ಹೋಗ್ತಿದ್ವಿ. ಮುಂದೆ ಎಡಕ್ಕೆ ನಾನು, ಬಲಕ್ಕೆ ಡೆಸ್ಮಂಡು. ನನ್ನ ಹಿಂದೆ ಗ್ವೆಂಡಾ. ಸಮುದ್ರದ ಗಾಳಿ ಬಲಗಡೆಯಿಂದ ಹೊಡೀತಿತ್ತು, ಹಾಗಾಗಿ ಅವಳು ಸ್ವಲ್ಪ ಎಡಕ್ಕೆ ಸರಿದು ನನ್ನ ಮರೆಯಲ್ಲಿ ಬರ್ತಿದ್ದಳು. ನಾನೇ ಕಲಿಸಿದ್ದು ಹಾಗೆ ಬರೋದನ್ನ. ಆಮೇಲೆ ಏನಾಯ್ತು? ಅವಳ ಮುಂದಿನ ಚಕ್ರ ನನ್ನ ಹಿಂದಿನ ಚಕ್ರಕ್ಕೆ ತಾಗಿತು, ಬಿದ್ದಳು, ಭುಜದ ಮೂಳೆ ಮುರೀತು. ಅಷ್ಟೇ. ಗುಂಡಿ ಎಡಗಡೆ ಪಕ್ಕದಲ್ಲಿತ್ತು, ಇದ್ದರೆ ಇರಲಿ. ರಸ್ತೆ ತುಂಬಾ ಗುಂಡಿಗಳಿವೆ.

ಡೆಸ್ಮಂಡ್ ಏನು ಹೇಳ್ಕೊಂಡು ತಿರುಗ್ತಿದ್ದಾನೆ ಗೊತ್ತಾ? ಬೆರಿಲ್ ಕೈ ತೋರಿಸಲಿಲ್ಲ ಅಂತ. ನಾನು! ಗುಂಡಿ ಕಂಡ್ರೆ ಮುಂದಿರೋರು ಕೈ ಇಳಿಸಿ ತೋರಿಸಬೇಕು, ಹಿಂದಿರೋರಿಗೆ ರಸ್ತೆ ಕಾಣಲ್ಲ, ನಿಮ್ಮ ಕೈಯೇ ಅವರ ಕಣ್ಣು ಅಂತ ಹೊಸಬರಿಗೆಲ್ಲ ಮೊದಲ ದಿನವೇ ಪಾಠ ಹೇಳೋಳು ನಾನು. ಸಣ್ಣ ಕಲ್ಲಿಗೂ ಕೈ ಇಳಿಸ್ತೀನಿ, ಬೆರಿಲ್ ಸಮುದ್ರದ ಚಿಪ್ಪಿಗೂ ಕೈ ತೋರಿಸ್ತಾಳೆ ಅಂತ ನೀವೆಲ್ಲ ಆಡ್ಕೊಂಡು ನಗ್ತಿದ್ರಿ. ಅಂಥವಳು ಅಷ್ಟು ದೊಡ್ಡ ಗುಂಡಿ ತೋರಿಸದೆ ಇರ್ತೀನಾ?

ಏನು ಹುಡುಕ್ತಿದ್ದೀಯ ಹಿಂದಿನ ಟೈರಿನಲ್ಲಿ? ರಬ್ಬರಿನ ಗುರುತಾ? ತಾಗಿದ್ದರೆ ಪಕ್ಕದಲ್ಲಿ ಕಪ್ಪಗೆ ಉಜ್ಜಿರಬೇಕಿತ್ತು ಅಂತಾನಾ? ಇತ್ತು. ಒರೆಸಿಬಿಟ್ಟೆ. ಸೈಕಲ್ ತೊಳೆಯೋದು ತಪ್ಪಾ ಈಗ? ನೀನು ಯಾವಾಗಿಂದ ಪೊಲೀಸಿನವನಾದೆ?

ನಿನ್ನ ಹತ್ರಾನೂ ಬಂದಿದ್ದನಾ ಅವನು? ನಿಜ ಹೇಳು. ಬಂದಿದ್ದ. ನಿನ್ನ ಕಿವಿ ಕೆಂಪಾಯ್ತು ನೋಡು. ಏನೇನು ಹಚ್ಚಿಕೊಟ್ಟ? ಅವನ ನಾದಿನಿ ಮೆಂಟೋನ್‌ನಲ್ಲಿ ಕಣ್ಣಿನ ಡಾಕ್ಟರ ಹತ್ರ ಬಾಗಿಲಲ್ಲಿ ಹೆಸರು ಬರ್ಕೊಳ್ಳೋಕೆ ಕೂತಿರ್ತಾಳೆ, ಅವಳ ಬಾಯಿಗೆ ಬೀಗ ಇಲ್ಲ. ನಾನು ಅಲ್ಲಿಗೆ ಹೋಗಿದ್ದು ಓದೋ ಕನ್ನಡಕ ಬದಲಿಸೋಕೆ. ಬರೀ ಅದಕ್ಕೆ. ದೊಡ್ಡ ಬಟ್ಟಲಿನಂಥ ಯಂತ್ರದೊಳಗೆ ತಲೆ ಇಟ್ಟು ಮಿಣುಕು ದೀಪ ಕಂಡಾಗೆಲ್ಲ ಬಟನ್ ಒತ್ತಿ ಅಂತಾರಲ್ಲ, ಅದನ್ನ ಎಲ್ಲರಿಗೂ ಮಾಡ್ತಾರೆ. ನೀನು ಕೇಳಲಿಲ್ಲ, ಗೊತ್ತು. ಕೇಳೋ ಮೊದಲೇ ಹೇಳಿದೆ, ಆಮೇಲೆ ಬೇರೆಯವರ ಬಾಯಿಂದ ಬಣ್ಣ ಹಚ್ಕೊಂಡು ಬರಬಾರದು ಅಂತ.

ಗ್ವೆಂಡಾ ನಿನ್ನೆ ಫೋನು ಮಾಡಿದ್ದಳು. ತೋಳನ್ನ ಜೋಲಿಗೆ ಹಾಕ್ಕೊಂಡು ಕೂತಿದ್ದಾಳಂತೆ. ನನಗೆ ಏನೂ ನೆನಪಿಲ್ಲ ಬೆರಿಲ್, ನೀನು ಹೇಳ್ತೀಯ ಅಂದಮೇಲೆ ನಾನೇ ತಾಗಿಸಿರಬೇಕು, ನನ್ನಿಂದ ನೀನೂ ಬೀಳ್ತಿದ್ದೆ, ಕ್ಷಮಿಸು ಅಂದಳು. ನನ್ನ ಹತ್ರ ಕ್ಷಮೆ ಕೇಳಿದಳು. ನಾನು ಪರವಾಗಿಲ್ಲ ಬಿಡು ಅಂದೆ. ಆ ಸೈಕಲ್ ಮಾರಿಬಿಡ್ತೀನಿ, ಗುಂಪಿಗೆ ಇನ್ನು ಬರಲ್ಲ, ಈ ವಯಸ್ಸಿನಲ್ಲಿ ಕಲೀಬಾರದಿತ್ತು ಅಂದಳು. ಪಾಪದವಳು. ಶನಿವಾರ ಬೆಳಿಗ್ಗೆ ಅಂದ್ರೆ ಜೀವ ಬಿಡ್ತಿದ್ದಳು, ಹಿಂದಿನ ರಾತ್ರಿಯೇ ಟೈರಿಗೆ ಗಾಳಿ ತುಂಬಿಸಿ ಸೈಕಲ್ಲನ್ನ ಹಜಾರದಲ್ಲಿ ನಿಲ್ಲಿಸ್ಕೊಂಡು ಮಲಗ್ತಿದ್ದಳು. ನಾಳೆ ಕಾಫಿ ಅಂಗಡಿಯಲ್ಲಿ ಎಲ್ಲ ಕೂತು ಮಾತಾಡ್ತಾರಲ್ಲ, ಚಕ್ರಕ್ಕೆ ಚಕ್ರ ತಾಗಿಸೋರು ಗುಂಪಿನಲ್ಲಿ ಇರಬಾರದು ಅಂತ ನಮ್ಮ ನಿಯಮ. ನಿಯಮ ಅಂದ್ರೆ ನಿಯಮ. ನಾನು ಹೇಳಿದ್ದನ್ನೇ ನೀನೂ ಹೇಳಿದ್ರೆ ಅಲ್ಲಿಗೆ ಮುಗೀತು. ನಿನ್ನ ಮಾತನ್ನ ಯಾರೂ ತೆಗೆದುಹಾಕಲ್ಲ. ಅದಕ್ಕೇ ಬಂದೆ, ಟೇಪಿಗೆ ಮಾತ್ರ ಅಲ್ಲ.

ಹೇಳ್ತೀಯಲ್ಲ?

ಸ್ಪ್ಯಾನರು ಕೆಳಗಿಟ್ಟ ಸದ್ದು ಕೇಳಿಸ್ತು. ಸಿಟ್ಟಾ? ನೋಡು, ಅವಳು ಬೇರೆ ಗುಂಪಿಗೆ ಹೋಗಬಹುದು, ನಿಧಾನ ಹೋಗೋರ ಜೊತೆ, ಅವಳಿಗೇನು. ನಾನು ಎಲ್ಲಿಗೆ ಹೋಗಲಿ? ನನ್ನಂಥವಳನ್ನ ಹಿಂದೆ ಬಾ ಅಂತ ಒಂದು ಸಲ ಹೇಳಿದ್ರೆ, ಆಮೇಲೆ ಸೈಕಲ್ ಬೇಡ ಅಂತಾರೆ, ಆಮೇಲೆ ಕಾರಿನ ಲೈಸೆನ್ಸು ಕೊಡಿ ಅಂತಾರೆ, ಆಮೇಲೆ ಕಿಟಕಿ ಹತ್ರ ಒಂದು ಕುರ್ಚಿ ಹಾಕ್ಕೊಡ್ತಾರೆ. ನಾನು ಕುರ್ಚಿಯಲ್ಲಿ ಕೂತು ಸಾಯೋಳಲ್ಲ ಕಣೋ. ಡೆಸ್ಮಂಡಿಗೆ ಇದೆಲ್ಲ ಅರ್ಥ ಆಗಲ್ಲ, ನಿನಗೆ ಆಗುತ್ತೆ.

ರಾಡ್ನಿ?

ಹೊರಗೆ ಹೋದ್ಯಾ? ಟೇಪು ತರೋಕೆ ಮನೆಯೊಳಗೆ ಹೋದನೋ ಏನೋ. ಹೇಳದೆ ಎದ್ದು ಹೋಗೋ ಗಂಡಸರೇ ನನಗೆ ಗಂಟು ಬೀಳೋದು. ಡೆಸ್ಮಂಡಿಗೆ ಫೋನು ಮಾಡ್ತಿದ್ದಾನಾ? ಅಲ್ಲಪ್ಪ, ರಾಡ್ನಿ ಅಂಥವನಲ್ಲ. ಅಥವಾ ಅಂಥವನೇನೋ. ಯಾರನ್ನ ನಂಬೋದು ಈಗ… ಇರಲಿ, ನಾನೇ ಸುತ್ತಿಬಿಡ್ತೀನಿ. ಟೇಪಿನ ಡಬ್ಬ ಈ ಕಡೆ ಹಲಗೆ ಮೇಲೆ ಇರ್ತಿತ್ತಲ್ಲ, ಇಲ್ಲೇ ಎಲ್ಲೋ… ಕೈಗೇ ಸಿಗಲ್ಲ… ಇದೇನಿದು. ಉಣ್ಣೆ. ಬೆಚ್ಚಗಿದೆ…

ಓ.

ನೀನಾ.

ಎಷ್ಟೊತ್ತಿಂದ ನಿಂತಿದ್ದೀಯ ಇಲ್ಲಿ, ನನ್ನ ಪಕ್ಕದಲ್ಲೇ? ಕೈ ಚಾಚಿದ್ರೆ ಸಿಗೋಷ್ಟು ಹತ್ರ. ಬೆಕ್ಕಿನ ಹಾಗೆ ಸದ್ದಿಲ್ಲದೆ ಬಂದೆ, ಅದಕ್ಕೇ ಗೊತ್ತಾಗಲಿಲ್ಲ. ಬೆಳಕೂ ಕಮ್ಮಿ ಇದೆ ಇಲ್ಲಿ. ಬೆಳಕು…

ಏನಾದರೂ ಅನ್ನು. ಬೈಯಿ. ನಗು ಬೇಕಾದ್ರೆ, ಆಗಲೇ ನಗಬೇಡ ಅಂದೆನಲ್ಲ, ಈಗ ನಗು. ಹೀಗೆ ನಿಂತು ನೋಡಬೇಡ ರಾಡ್ನಿ, ನೀನು ಬೇಕು ಅಂತಲೇ ಬಂದು ನಿಂತೆ ನನ್ನ ಎಡಗಡೆ, ಅಲ್ಲವಾ. ನಾನು ತಿರುಗ್ತೀನಾ ಇಲ್ಲವಾ ಅಂತ ನೋಡೋಕೆ.

ಅವಳು ತಾಗಿಸಲಿಲ್ಲ ಕಣೋ.

ಅವಳು ನನ್ನ ಕೈ ನೋಡ್ಕೊಂಡು ಬರ್ತಿದ್ದಳು, ಅಷ್ಟೇ.