ಚುಕ್ಕಿಯಕ್ಕನ ಬೀಗ

ಆ ಹಿಂದಿನ ಬಾಗಿಲಿಗೆ ಯಾಕೆ ಬೀಗ ಹಾಕಲ್ಲ ಅಂತ ಕೇಳಿದ್ಯಲ್ಲ... ಹತ್ತಿರ ಬಾ, ಹೇಳ್ತೀನಿ. ನಗೋದಾದ್ರೆ ಈಗಲೇ ಎದ್ದು ಹೋಗು. ನನ್ನ ಸ್ವಂತ ಚಿಕ್ಕಪ್ಪನ ಮಗನಿಗೆ ಆಗಿದ್ದು ಇದು. ಅರ್ಧ ನಾನೇ ಕಣ್ಣಾರೆ ಕಂಡಿದ್ದೀನಿ.

ಆಗ ಆ ಅಣ್ಣ ಇಲ್ಲೇ, ಈ ಗೊಂಬೆ ಕಾರ್ಖಾನೇಲೇ ಸ್ಟೋರ್ ನೋಡ್ಕೊಳ್ತಿದ್ದ. ಆವತ್ತು ರಾತ್ರಿ ಹನ್ನೊಂದು ದಾಟಿತ್ತು. ಒಬ್ಬನೇ ಮನೆಗೆ ನಡ್ಕೊಂಡು ಹೊರಟಿದ್ದ. ಗೇಟಿನಾಚೆ ಆ ಪಾಳು ಬಾವಿ ಇದೆಯಲ್ಲ... ಒಂದು ತಿಂಗಳಿಂದ ಅದರ ಕಡೆ ಮುಖ ತಿರುಗಿಸಿಯೂ ನೋಡ್ತಿರಲಿಲ್ಲ ಅವನು. ಯಾಕೆ ಗೊತ್ತಾ? ಆ ಬಾವಿಗೆ ಅವನೇ ಒಂದು ಬೀಗ ಎಸೆದಿದ್ದ.

ತಡಿ, ಮೊದಲು ಆ ಬೀಗದ ವಿಷಯ ಹೇಳ್ಬೇಕು.

ಆಗ ನಾವು ಮಾಡ್ತಿದ್ದಿದ್ದು ಹೆಬ್ಬೆರಳಿನಷ್ಟು ರೋಬೋಟ್ ಗೊಂಬೆ. ಮಡಚಿದ್ರೆ ಪುಟ್ಟ ಬೀಗ, ಬಿಚ್ಚಿದ್ರೆ ಕೈ, ಕಾಲು, ತಲೆ. ಡಬ್ಬಿ ಮೇಲೆ ಕತೆ ಬೇರೆ ಅಚ್ಚು ಹಾಕ್ತಿದ್ರು. ಇದು ಗೂಢಚಾರ, ಶತ್ರು ಮನೆ ಬಾಗಿಲಲ್ಲಿ ಬೀಗದ ಹಾಗೆ ನೇತಾಡ್ತಾ ಎಲ್ಲಾ ಕೇಳಿಸ್ಕೊಳ್ಳುತ್ತೆ, ರಾತ್ರಿ ಎದ್ದು ಹೋಗಿ ತನ್ನ ಒಡೆಯನಿಗೆ ವರದಿ ಒಪ್ಪಿಸುತ್ತೆ ಅಂತ. ಮಕ್ಕಳು ಮುಗಿಬಿದ್ದು ಕೊಳ್ತಿದ್ರು. ಪ್ರತಿಯೊಂದನ್ನೂ ಬಿಚ್ಚಿ ಮಡಚಿ ನೋಡೋಕೆ ಬಣ್ಣದ ರೂಮಲ್ಲಿ ಒಬ್ಬಳು ಅಕ್ಕ ಇದ್ಳು. ಟಿಕ್... ಟಿಕ್... ಟಕ್. ಕೊನೇದು ‘ಟಕ್’ ಅನ್ನದಿದ್ರೆ ಪಕ್ಕಕ್ಕೆ ಎಸೀತಿದ್ಳು. ಸರಿಯಿದ್ರೆ ಅಂಗಾಲಿಗೆ ಕುಂಚದ ತುದಿಯಿಂದ ಒಂದು ಕೆಂಪು ಚುಕ್ಕಿ. ಅದಕ್ಕೇ ಎಲ್ಲರಿಗೂ ಅವಳು ಚುಕ್ಕಿಯಕ್ಕ. ನನಗೆ ಕೆಲಸ ಕಲಿಸಿದ್ದೇ ಅವಳು. ಬೈಯೋದ್ರಲ್ಲಿ ಎತ್ತಿದ ಕೈ, ಆದ್ರೆ ತನ್ನ ಊಟದಲ್ಲಿ ಅರ್ಧ ನನಗೇ ಕೊಡ್ತಿದ್ಳು.

ಗೊಂಬೆ ಕದ್ಕೊಂಡು ಹೋಗ್ತಾರೆ ಅಂತ ಆ ಸೂಪರ್‌ವೈಸರ್, ಹಾಳಾದವನು, ಯಾರಿಗೂ ಹೇಳದೆ ಬಣ್ಣದ ರೂಮಿನ ಹಿಂದಿನ ಬಾಗಿಲಿಗೆ ಹೊರಗಿನಿಂದ ಬೀಗ ಜಡಿಯೋಕೆ ಶುರುಮಾಡಿದ. ಗೊಂಬೆ ಬೀಗ ಅಲ್ಲ, ಕಬ್ಬಿಣದ್ದು. ಸ್ಟೋರಿಂದ ತೆಗೆದು ಕೊಟ್ಟಿದ್ದು ನಮ್ಮಣ್ಣ. ಒಂದು ರಾತ್ರಿ ಥಿನ್ನರ್ ಡಬ್ಬಕ್ಕೆ ಬೆಂಕಿ ಹತ್ಕೊಳ್ತು. ಒಳಗೆ ಚುಕ್ಕಿಯಕ್ಕ ಒಬ್ಬಳೇ. ಮುಂದೆ ಬೆಂಕಿ... ಹಿಂದೆ ಬೀಗ. ನಾವು ಮುಂದಿನಿಂದ ನೀರು ಎರಚ್ತಾ ಇದ್ವಿ. ಹಿಂದಿನ ಓಣಿ ಗೇಟಿನ ಕೀಲಿಯೂ ಸೂಪರ್‌ವೈಸರ್ ಜೇಬಲ್ಲೇ, ಅವನು ಮನೇಲಿ. ಅವಳು ಬಾಗಿಲು ಬಡಿದ ಸದ್ದು ನನ್ನ ಕಿವೀಲಿ ಇನ್ನೂ ಇದೆ. ಧಡ್ ಧಡ್ ಧಡ್... ಆಮೇಲೆ ಧಡ್... ಆಮೇಲೆ ಏನೂ ಇಲ್ಲ.

ಬೆಂಕಿ ಆರಿದ ಮೇಲೆ ಅವನು ಎಲ್ಲರಿಗಿಂತ ಮೊದಲು ಓಣಿಗೆ ಹೋದ, ಅಣ್ಣನನ್ನ ಕರ್ಕೊಂಡು. ಬೀಗ ಬಿಚ್ಚಿ ಅಣ್ಣನ ಕೈಗಿಟ್ಟ. ‘ಬಾವಿಗೆ ಹಾಕು. ಕೆಲಸ ಬೇಕಾದ್ರೆ ಬಾಯಿ ಮುಚ್ಕೊಂಡಿರು.’ ಅಣ್ಣ ಹಾಕಿದ. ಬಾಯೂ ಮುಚ್ಕೊಂಡ. ಅವನ ಪರ ನಾನು ಮಾತಾಡಲ್ಲ, ಹೇಡಿತನವೇ ಅದು.

ಆಮೇಲೆ ಊರೆಲ್ಲಾ ಏನು ಹಬ್ಬಿಸಿದ್ರು ಗೊತ್ತಾ? ಡಬ್ಬ ಉರುಳಿಸಿದ್ದೇ ಅವಳಂತೆ. ಬಾಗಿಲಿಗೆ ಒಳಚಿಲಕ ಬಿಟ್ರೆ ಏನೂ ಇರಲಿಲ್ಲವಂತೆ, ಗಾಬರೀಲಿ ತೆಗೆಯೋಕೆ ಗೊತ್ತಾಗಲಿಲ್ಲವಂತೆ. ಅವಳ ಮುದಿ ತಾಯಿ ದಿನಾ ಗೇಟಿನ ಹತ್ರ ಬಂದು ಕೂತು, ಹೋಗೋ ಬರೋರನ್ನೆಲ್ಲಾ ಕೇಳೋರು, ‘ನನ್ನ ಮಗಳಿಗೆ ಚಿಲಕ ತೆಗೆಯೋಕೆ ಬರ್ತಿರಲಿಲ್ವಾ?’ ಅಂತ.

ಹಾಂ, ಆ ರಾತ್ರಿ. ಮಾರನೇ ದಿನ ಬೆಂಕಿ ಬಗ್ಗೆ ಕಾರ್ಖಾನೇಲೇ ವಿಚಾರಣೆ. ಸೂಪರ್‌ವೈಸರ್ ಸ್ಟೋರಲ್ಲಿ ಅಣ್ಣನನ್ನ ಕೂರಿಸ್ಕೊಂಡು ಗಿಳಿಗೆ ಕಲಿಸಿದ ಹಾಗೆ ಕಲಿಸಿದ್ದ. ‘ಬೀಗ ಇರಲೇ ಇಲ್ಲ ಅನ್ನು. ಮತ್ತೆ ಹೇಳು.’ ಹೊರಡೋವಾಗ ಹಲ್ಲು ಗಿಂಜಿ, ಪಕ್ಕದ ತಟ್ಟೆಯಿಂದ ಒಂದು ಗೊಂಬೆ ಎತ್ತಿ ಕೊಟ್ಟ. ‘ಮಗಳಿಗೆ ಕೊಡು.’ ಚುಕ್ಕಿಯಕ್ಕ ಕೊನೇದಾಗಿ ಪರೀಕ್ಷೆ ಮಾಡಿಟ್ಟ ತಟ್ಟೆ ಅದು. ಅವರಾಡಿದ ಮಾತೆಲ್ಲಾ ಅದರ ಮುಂದೇ ಆಗಿತ್ತು, ನೋಡು.

ಅಣ್ಣ ಬಾವಿ ಹತ್ರ ಬಂದ. ಗಾಳಿ ಇಲ್ಲ. ಜೇಬಲ್ಲಿ... ಟಿಕ್.

ನಿಂತ.

ಟಿಕ್... ಟಕ್.

ಕೈ ಹಾಕಿ ತೆಗೆದ. ಗೊಂಬೆ ಬೀಗ ಬಿಚ್ಚಿಕೊಂಡಿತ್ತು. ಅಂಗೈ ಮೇಲೆ ಎದ್ದು ನಿಂತಿತ್ತು. ತಲೆ ಬಾವಿ ಕಡೆ.

‘ಬೀಗ ಇತ್ತಾ?’

ಬಾವಿ ಒಳಗಿಂದ. ಪಿಸುಮಾತು. ಹೊಗೆ ಕುಡಿದ ಗಂಟಲು. ಅಣ್ಣನಿಗೆ ಗುರುತು ಸಿಕ್ತು, ಚುಕ್ಕಿಯಕ್ಕನ ದನಿ.

‘ಇತ್ತು ಅಕ್ಕ...’

‘ಹಾಕಿದ್ದು?’

‘ಸೂಪರ್‌ವೈಸರ್.’

‘ನಾಳೆ ಏನಂತೀಯ?’

ಅಣ್ಣ ಹೋ ಅಂತ ಅತ್ತುಬಿಟ್ಟ. ‘ಇದ್ದಿದ್ದನ್ನೇ ಹೇಳ್ತೀನಿ ಅಕ್ಕ, ನನ್ನ ಮಗಳಾಣೆ.’

‘ಹೇಳಲಿಲ್ಲ ಅಂದ್ರೆ... ನಿನ್ನ ಮನೆಗೂ ಬಾಗಿಲಿದೆ.’

ಅಷ್ಟೇ. ಗೊಂಬೆ ಅಂಗೈಯಿಂದ ಹಾರಿತು. ಜಲ್ಲಿ ಕಲ್ಲಿನ ಮೇಲೆ ಪುಟಪುಟ ಪುಟಪುಟ ಹೆಜ್ಜೆ... ಕಾರ್ಖಾನೆ ಕಡೆಗೆ. ಅಣ್ಣ ಸೀದಾ ನಮ್ಮನೆಗೆ ಓಡಿಬಂದ. ಒಂದು ಚೊಂಬು ನೀರು ಕುಡಿದು ಎಲ್ಲಾ ಹೇಳಿದ. ತಲೆ ಕೆಟ್ಟಿದೆಯೇನೋ ಅಂತ ಗದರಿದೆ ನಾನು. ಆದ್ರೆ ಆ ಬೀಗದ ಸುದ್ದಿ ಕೇಳಿ ಬೆಳಗಾಗೋವರೆಗೂ ಕಣ್ಣು ಮುಚ್ಚಲಿಲ್ಲ.

ಬೆಳಗ್ಗೆ ವಿಚಾರಣೆಗೆ ಸೂಪರ್‌ವೈಸರ್ ಬರಲೇ ಇಲ್ಲ. ಅವನ ಬೈಕು ಮಾತ್ರ ಗೇಟಲ್ಲಿ ನಿಂತಿತ್ತು, ಸೀಟಿನ ಮೇಲೆ ಇಬ್ಬನಿ. ಕಾವಲುಗಾರ ಹುಡುಕ್ತಾ ಹಿಂದಿನ ಓಣಿಗೆ ಹೋದವನು ಕೂಗ್ಕೊಂಡ. ನಾವೆಲ್ಲಾ ಓಡಿದ್ವಿ. ಬಣ್ಣದ ರೂಮಿನ ಆ ಬಾಗಿಲು ಮುಚ್ಚಿತ್ತು. ಹೊರಗಿನ ಕೊಂಡಿಗೆ ನೇತಾಡ್ತಾ ಇತ್ತು... ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಬೀಗ. ಮಗು ಎಳೆದ್ರೂ ಕಿತ್ತು ಬರೋದು. ಕಾವಲುಗಾರ ಎಳೆದ, ಬರಲಿಲ್ಲ. ಇಬ್ಬರು ಸೇರಿ ಹಾರೆ ಹಾಕಿ ಮೀಟಿದ್ರು. ಹಾರೆ ಬಾಗ್ತು. ಬೀಗ ಜಗ್ಗಲಿಲ್ಲ.

ಆಗ ಅಣ್ಣ ಎಲ್ಲರ ಮುಂದೆ, ವಿಚಾರಣೆಗೆ ಬಂದ ಅಧಿಕಾರಿ ಮುಂದೆ, ಆ ತಾಯಿ ಮುಂದೆ, ಗಟ್ಟಿಯಾಗಿ ಹೇಳಿದ. ‘ಇದೇ ಕೊಂಡಿಗೆ ಅವತ್ತು ಬೀಗ ಇತ್ತು ಸ್ವಾಮಿ. ಸೂಪರ್‌ವೈಸರ್ ಹಾಕಿದ್ದು. ಬಾವಿಗೆ ಎಸೆದಿದ್ದು ನಾನು.’

ಟಿಕ್... ಟಿಕ್... ಟಕ್.

ತಾನಾಗೇ ಬಿಚ್ಚಿ ಕೆಳಗೆ ಬಿತ್ತು.

ಸೂಪರ್‌ವೈಸರ್ ಬಾಗಿಲ ಹಿಂದೇ ಬಿದ್ದಿದ್ದ. ಜೀವ ಇರಲಿಲ್ಲ. ಹತ್ತೂ ಉಗುರು ಮುರಿದಿದ್ವು. ಮೂಗು ಬಾಯಿ ತುಂಬಾ ಹೊಗೆ ಮಸಿ... ಬೆಂಕಿ ಬಿದ್ದು ತಿಂಗಳಾಗಿತ್ತು, ನೆನಪಿಟ್ಕೋ. ಜೇಬಲ್ಲಿ ಸ್ಕ್ರೂಡ್ರೈವರ್. ಸಾಕ್ಷಿ ಇರಬಾರದು ಅಂತ ಕೊಂಡಿ ಬಿಚ್ಚೋಕೆ ಬಂದಿದ್ದ. ಕೊಂಡಿ ಇರೋದು ಹೊರಗೆ, ಇವನು ಒಳಗೆ ಹೇಗೆ ಹೋದ? ನನ್ನ ಕೇಳ್ಬೇಡ. ಅಯ್ಯೋ ಪಾಪ ಅಂತ ಒಂದು ಮಾತೂ ನನ್ನ ಬಾಯಲ್ಲಿ ಬರಲಿಲ್ಲ. ಇವತ್ತಿಗೂ ಬರಲ್ಲ. ಆ ತಾಯಿ ಬಾಗಿಲನ್ನೊಮ್ಮೆ ಮುಟ್ಟಿ, ‘ನನ್ನ ಮಗಳದೇನೂ ತಪ್ಪಿರಲಿಲ್ಲ’ ಅಂದು ಮನೆಗೆ ಹೋದ್ರು. ಗೇಟಿನ ಹತ್ರ ಮತ್ತೆ ಬಂದು ಕೂರಲಿಲ್ಲ.

ನಂಬು, ಬಿಡು, ನಿನ್ನಿಷ್ಟ. ಕೆಳಗೆ ಬಿದ್ದಿದ್ದ ಆ ಗೊಂಬೇನ ಎತ್ಕೊಂಡಿದ್ದು ನಾನು, ಇದೇ ಕೈಯಲ್ಲಿ. ನಮ್ಮ ಕೆಂಪು ಬಣ್ಣವೆಲ್ಲಾ ಬೆಂಕೀಲಿ ಹೋಗಿತ್ತು, ಹೊಸದು ಇನ್ನೂ ತರಿಸಿರಲಿಲ್ಲ. ತಿರುಗಿಸಿ ಅಂಗಾಲು ಮುಟ್ಟಿದೆ.

ಚುಕ್ಕಿ ಇನ್ನೂ ಹಸಿ ಇತ್ತು.