ನಲವತ್ತು ಸಾವಿರ ಎಣಿಸುವಷ್ಟು ಹೊತ್ತು

ಬೇಡ ಅಂದ್ರೆ ಹೇಗಪ್ಪ? ಒಂದು ತೊಳೆ. ಒಂದೇ ಒಂದು. ಬೀಜ ತೆಗೆದಿದ್ದೀನಿ, ನಾರು ತೆಗೆದಿದ್ದೀನಿ... ಇಷ್ಟು ವರ್ಷದ ಸಂಸಾರದಲ್ಲಿ ನಿಮ್ಮಕ್ಕನಿಗೂ ನಾನು ಹೀಗೆ ಕಿತ್ತಳೆ ಸುಲಿದು ಕೊಟ್ಟವನಲ್ಲ. ಯಾಕೆ ನಗ್ತೀಯ? ನಗಲಿಲ್ವಾ? ತುಟಿ ಆಡಿದ ಹಾಗಾಯ್ತು... ಹೋಗಲಿ, ತಟ್ಟೆಯಲ್ಲಿ ಇಟ್ಟಿರ್ತೀನಿ. ಎಡಗೈಗೆ ಎಟುಕುತ್ತೆ ತಾನೇ? ಬಲಗೈ ಮಾತ್ರ ಅಲುಗಿಸಬೇಡ. ಬ್ಯಾಂಡೇಜು ಮತ್ತೆ ಒದ್ದೆ ಆದ ಹಾಗಿದೆ. ನರ್ಸಮ್ಮನ್ನ ಕರೀಲಾ? ಬೇಡ. ಸರಿ.

ನಿಮ್ಮಕ್ಕ ಕೆಳಗೆ ಔಷಧಿ ಕೌಂಟರಿನಲ್ಲಿ ನಿಂತಿದ್ದಾಳೆ. ಹನುಮಂತನ ಬಾಲದಂಥ ಸಾಲು. ಅವಳು ಬರೋದರೊಳಗೆ ಒಂದು ಮಾತು ಮುಗಿಸಿಬಿಡೋಣ. ನಾಲ್ಕು ಗಂಟೆಗೆ ವಿಚಾರಣೆಯವರು ಬರ್ತಾರೆ. ಮ್ಯಾನೇಜರ್, ಇನ್ನಿಬ್ಬರು, ಬರ್ಕೊಳ್ಳೋನೊಬ್ಬ. ಹೆದರಬೇಡ. ಹೆದರುವಂಥದ್ದು ನೀನೇನು ಮಾಡಿದ್ದೀಯ? ಹದಿನೇಳು ವರ್ಷ ಅದೇ ಪ್ರೆಸ್ಸು, ಕಾಗದ ಕತ್ತರಿಸೋ ಅದೇ ಕಟಿಂಗ್ ಮೆಷಿನ್ನು, ಒಂದು ದಿನ ಉಗುರಿಗೆ ಗಾಯ ಮಾಡ್ಕೊಂಡವನಲ್ಲ. ಈಗ ಕಂಪ್ಯೂಟರ್ ಬದಲಾಯಿಸಿದ ಮೊದಲ ಸೋಮವಾರ, ಮೊದಲ ಕಟ್ಟಿಗೇ ಮೂರು ಬೆರಳು... ಮೂರು. ತಪ್ಪು ಯಾರದು ಅಂತ ಕುರುಡನಿಗೂ ಕಾಣುತ್ತೆ. ಆ ಬ್ಯಾಗಿನ ಹುಡುಗಿಯದು!

ಹಾಗೆ ನೋಡಬೇಡವೋ. ಅವಳು ಇಂಜಿನಿಯರ್ ಅಂತ ನಾನು ಒಪ್ಪಲ್ಲ. ಬೆನ್ನಿಗೊಂದು ಚೀಲ ಹಾಕ್ಕೊಂಡು ಬಂದಳು, ಒಂದು ವಾರ ತಂತಿ ಚುಚ್ಚಿದಳು, ಬಿಚ್ಚಿದಳು, "ಆಯ್ತು ಅಂಕಲ್" ಅಂದಳು. ಅಂಕಲ್ಲಂತೆ!

ನೀನು ಅವರಿಗೆ ವಿಷಯ ಬಿಡಿಸಿ ಹೇಳಬೇಕು. ನಿನಗೆ ಗೊತ್ತಿರೋದೇ, ಆದರೂ ಇನ್ನೊಂದು ಸಲ ಕೇಳಿಸಿಕೋ. ನಮ್ಮ ಮೆಷಿನ್ನು ಅದೇ, ಬ್ಲೇಡು ಅದೇ. ಬದಲಾದದ್ದು ಪಕ್ಕದ ಕಂಪ್ಯೂಟರ್ ಮಾತ್ರ. ಹಳೇ ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆದವನು ನಾನು. ಯಾವ ಕಾಲೇಜಿಗೆ ಹೋಗಿದ್ದೆ? ಹಳ್ಳಿ ಶಾಲೆ, ಆಮೇಲೆ ಒಂದು ಹರಿದ ಪುಸ್ತಕ, ಆಮೇಲೆ ದೇವರು. ಅಷ್ಟೇ ನನ್ನ ವಿದ್ಯೆ. ಹೊಸ ಕಂಪ್ಯೂಟರಿನ ಪ್ರೊಸೆಸರ್ ಬೇರೆ ಜಾತಿಯದು, ನನ್ನ ಪ್ರೋಗ್ರಾಮಿನ ಒಂದಕ್ಷರ ಅದಕ್ಕೆ ತಿಳಿಯಲ್ಲ. ಅದಕ್ಕೆ ಅವಳು ಮಧ್ಯದಲ್ಲೊಬ್ಬ ದುಭಾಷಿಯನ್ನ ಕೂರಿಸಿದಳು, ಎಮ್ಯುಲೇಟರ್ ಅಂತ. ಅದು ಹಳೇ ಪ್ರೊಸೆಸರಿನ ವೇಷ ಹಾಕ್ಕೊಂಡು ನಿಲ್ಲುತ್ತೆ. ಪ್ರೋಗ್ರಾಮು, ಪಾಪ, ತನ್ನ ಹಳೇ ಯಜಮಾನನೇ ಅಂತ ನಂಬಿ ಕೆಲಸ ಮಾಡುತ್ತೆ. ಎಲ್ಲಾ ಅಚ್ಚುಕಟ್ಟು! ಒಂದು ಬಿಟ್ಟು. ಹಳೆಯದರಷ್ಟು ನಿಧಾನವಾಗಿರೋಕೆ ಅದಕ್ಕೆ ಬರಲ್ಲ. ನಿಧಾನ ಅನ್ನೋದನ್ನ ಯಾರಾದರೂ ಹೇಳಿಕೊಡಬೇಕು.

ಅಲ್ಲೇ ಇರೋದು ನೋಡು.

ನಿನ್ನ ಗುರು, ಆ ಗೊಗ್ಗರು ದನಿಯ ಮುದುಕ, ನೆನಪಿದೆಯಾ? ನೀನು ಸೇರೋಕೆ ಮುಂಚೆ, ನಾನು ಪ್ರೋಗ್ರಾಮ್ ಬರೀತಿದ್ದಾಗ ಬಂದು ಪಕ್ಕದಲ್ಲಿ ನಿಂತ. "ಬರೆಯೋನೇ, ಪೆಡಲ್ ಒತ್ತಿದ ಮೇಲೆ ಒಂದು ಸಲ ತಟ್ಟೋಕೆ ಬಿಡು ಮಾರಾಯ. ಕೊನೇ ಸಲ ತಟ್ಟದೆ ಇದ್ರೆ ಅಂಚು ಕೂಡಲ್ಲ" ಅಂದ. ಕೊನೆಯ ತಟ್ಟು! ಯಾವ ಪುಸ್ತಕದಲ್ಲೂ ಇಲ್ಲದ್ದು. ಕಾಲಲ್ಲಿ ಪೆಡಲು, ಕೈಯಲ್ಲಿ ಕಾಗದದ ಅಂಚಿಗೊಂದು ತಟ್ಟು, ಕೈ ಹಿಂದಕ್ಕೆ, ಆಮೇಲೆ ಬ್ಲೇಡು. ನೀವೆಲ್ಲ ಅವನಿಂದಲೇ ಕಲಿತದ್ದು. ಅದಕ್ಕೆ ನಾನು ಮಧ್ಯದಲ್ಲೊಂದು ಕಾಯೋದನ್ನ ಇಟ್ಟೆ. ಹೇಗಿಟ್ಟೆ? ಗಡಿಯಾರ ನೋಡಿ ಕಾಯಿಸೋ ವಿದ್ಯೆ ನನಗೆ ಆಗ ಗೊತ್ತಿರಲಿಲ್ಲ. ಒಂದರಿಂದ ನಲವತ್ತು ಸಾವಿರದ ತನಕ ಸುಮ್ಮನೆ ಎಣಿಸು, ಆಮೇಲೆ ಬ್ಲೇಡ್ ಬಿಡು ಅಂತ ಬರೆದೆ. ಹಳೇ ಪ್ರೊಸೆಸರ್ ಎಣಿಸೋಕೆ ಮೂರು ಸೆಕೆಂಡು ತಗೊಳ್ಳೋದು. ಮುದುಕ ತಟ್ಟಿ, ಕೈ ತೆಗೆದು, ಇನ್ನೂ ಮೂಗು ಒರೆಸ್ಕೊಳ್ಳೋಷ್ಟು ಹೊತ್ತು ಉಳಿಯೋದು.

ಹೊಸದು? ರೆಪ್ಪೆ ಹೊಡೆಯೋದರೊಳಗೆ ನಲವತ್ತು ಸಾವಿರ ಮುಗಿಸಿಬಿಡುತ್ತೆ. ಒಂದಂಕಿ ಬಿಡದೆ ಎಣಿಸುತ್ತೆ. ಏನೂ ತಪ್ಪು ಮಾಡಲ್ಲ...

ಅದನ್ನ ಅವಳು ಕೇಳಬೇಕಿತ್ತೋ ಬೇಡವೋ? ಹಳೇ ಪ್ರೋಗ್ರಾಮನ್ನ ಹೊಸದರ ಮೇಲೆ ಹತ್ತಿಸೋ ಮುಂಚೆ, "ಇದು ಎಲ್ಲಾದರೂ ಎಣಿಸ್ತಾ ಕಾಯುತ್ತಾ ಅಂಕಲ್?" ಅಂತ ಒಂದು ಮಾತು! ಕೇಳಲಿಲ್ಲ. ಈಗ ಕೇಳಿದ್ದೆ ಅಂತ ಹೇಳ್ಕೊಂಡು ಓಡಾಡ್ತಿದ್ದಾಳಂತೆ. ನಾನು ಇಲ್ಲ ಅಂದೆನಂತೆ! ದೇವರ...

ಇರಲಿ ಬಿಡು. ಆಸ್ಪತ್ರೆಯಲ್ಲಿ ಕೂತು ಆಣೆ ಯಾಕೆ?

ನೀರು ಬೇಕಾ? ಬೇಡ್ವಾ.

ನೀನು ಹೇಳಬೇಕಾದ್ದು ಇಷ್ಟೇ. "ನಮ್ಮ ಭಾವ ಆ ವಿಷಯ ಹೇಳೋಕೆ ಹೋದರು, ಅವಳು ಕಿವಿಗೆ ಹಾಕ್ಕೊಳ್ಳಲಿಲ್ಲ." ಮುಗೀತು. ಅವಳ ಮಾತಿಗೂ ಸಾಕ್ಷಿ ಇಲ್ಲ, ನನ್ನ ಮಾತಿಗೂ ಸಾಕ್ಷಿ ಇಲ್ಲ. ಬೆರಳು ಕೊಟ್ಟವನು ನೀನು. ನೀನು ಹೇಳಿದ್ದೇ ನಿಲ್ಲುತ್ತೆ. ಅವಳ ಕೆಲಸ ಹೋಗುತ್ತೆ, ಹೌದು. ಹೋಗಲಿ! ಚಿಕ್ಕ ವಯಸ್ಸು, ಇನ್ನೊಂದು ಸಿಗುತ್ತೆ. ನನಗೆ ಸಿಗುತ್ತಾ?

ನನಗೇನಾಯ್ತು ಅಂತ ಯಾರಾದರೂ ಕೇಳಿದ್ರಾ? ಇಪ್ಪತ್ತೆರಡು ವರ್ಷ ಆ ಪ್ರೋಗ್ರಾಮನ್ನ ಮಗು ನೋಡಿಕೊಂಡ ಹಾಗೆ ನೋಡಿಕೊಂಡೆ. ಹೊಸ ಕಂಪ್ಯೂಟರ್ ತರಿಸಿದಾಗ ಮ್ಯಾನೇಜರ್ ಕರೆದು ಏನಂದ? "ಪ್ರೋಗ್ರಾಮ್ ಚೆನ್ನಾಗಿದೆ, ಅದು ಇರಲಿ. ನೀವು ಇನ್ನು ಸ್ಟೋರ್ ನೋಡ್ಕೊಳ್ಳಿ." ಬರೆದದ್ದು ಬೇಕು, ಬರೆದವನು ಬೇಡ! ಆಫೀಸಿನವರ ಮುಂದೆ ಹಲ್ಲು ಕಿರಿದು ಸರಿ ಸಾರ್ ಅಂದೆ. ಅವತ್ತು ದೇವರ ಮುಂದೆ ದೀಪ ಹಚ್ಚೋಕೂ ನಾನು ಕೂರಲಿಲ್ಲ ಗೊತ್ತಾ? ನಿಮ್ಮಕ್ಕನೇ ಹಚ್ಚಿದಳು. ಏನಾಯ್ತು ಅಂದಳು. ಏನಿಲ್ಲ ಅಂದೆ.

ಹ್ಞಾ? ಏನೋ ಅಂದ್ಯಾ?

ಅನ್ನಲಿಲ್ಲ. ನೀನು ಬೆಳಿಗ್ಗೆಯಿಂದ ಏನೂ ಅಂದಿಲ್ಲ. ನೋವಿರಬೇಕು. ಮಾತ್ರೆ ಮಂಪರು.

ನಾನು ನಿನಗೆ ಎಚ್ಚರಿಕೆ ಹೇಳಿದ್ದೆನಲ್ಲ. ಭಾನುವಾರ ನೀನು ನಮ್ಮ ಮನೆಗೆ ಊಟಕ್ಕೆ ಬಂದಿದ್ದೆ. ಹೊಸ ಯಂತ್ರ, ಹುಷಾರು ಅಂದೆ. ಅನ್ನಲಿಲ್ವಾ? ಅಂದ ಹಾಗೆ ನೆನಪು... ನೀನೇ ಏನೋ ಕೇಳಿದೆ. "ಭಾವ, ನಾಳೆಯಿಂದ ಹೇಗೆ?" ಅಂತ. ಅದಕ್ಕೆ ನಾನು... ಅದಿರಲಿ. ಅದನ್ನ ಅವರು ಕೇಳಲ್ಲ.

ಅವರು ಕೇಳೋದು ಶನಿವಾರದ್ದು, ಅವಳು ನನ್ನನ್ನ ಕೇಳಿದೆ ಅಂತಿರೋ ದಿನದ್ದು. ಶನಿವಾರ ಸಂಜೆ ಅವಳು, ನಾನು, ಮೆಷಿನ್ನು. ಇನ್ಯಾರೂ ಇರಲಿಲ್ಲ. ನೀನು ನಾಲ್ಕಕ್ಕೇ ಹೊರಟಿದ್ದೆ. ಹೊರಟಿದ್ದೆ ತಾನೇ?

ಹೂಂ ಅನ್ನು.

ತಲೆಯನ್ನಾದರೂ ಆಡಿಸು. ಅದಕ್ಕೆ ಕೈ ಬೇಕಾಗಿಲ್ಲವಲ್ಲ! ...ತಪ್ಪಾಯ್ತು, ತಪ್ಪಾಯ್ತು. ಬಾಯಿ ತಪ್ಪಿ ಬಂತು. ಕ್ಷಮಿಸು. ಆದರೆ ತಲೆ ಯಾಕೆ ಆಡಿಸ್ತಿಲ್ಲ ನೀನು?

ಹೊರಟಿರಲಿಲ್ವಾ?

ಪೇರಿಸಿಟ್ಟ ಕಾಗದದ ರೀಮುಗಳ ಗೋಡೆಯ ಆಚೆ ಯಾರೋ ಕಾಗದ ತಟ್ಟಿ ಜೋಡಿಸ್ತಿದ್ದ ಸದ್ದು ಇತ್ತು. ಟಪ್, ಟಪ್... ಈ ಊರಿನಲ್ಲಿ ಹಾಗೆ ತಟ್ಟೋ ಕೈ ಒಂದೇ. ಅವಳು ಕೇಳಿದಾಗ ಆ ಸದ್ದು ಇತ್ತು. ನಾನು ಇಲ್ಲ ಅಂದಮೇಲೆ... ಇರಲಿಲ್ಲ. ನಿಂತುಹೋಗಿತ್ತು. ನನಗೆ ಕೇಳಿಸಿತ್ತು, ತಮ್ಮಾ. ನಿಂತದ್ದು ನನಗೆ ಕೇಳಿಸಿತ್ತು. ಫ್ಯಾನಿನ ಸದ್ದು ಅಂದುಕೊಂಡೆ. ಅಂದುಕೊಂಡೆ ಅಂತ ಇಲ್ಲಿತನಕ ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಟ್ರಯಲ್ ಮಾಡಿದಳು. ಪೆಡಲ್ ಒತ್ತಿದಳು, ಬ್ಲೇಡ್ ಧಡ್ ಅಂತ ಬಿತ್ತು. ಕಾಯಲೇ ಇಲ್ಲ. "ಎಷ್ಟು ಫಾಸ್ಟ್ ನೋಡಿ ಅಂಕಲ್!" ಅಂತ ನಕ್ಕಳು. ನಾನೂ ನಕ್ಕೆ. ಅವಳು ಕೇಳಬೇಕಾದ್ದನ್ನ ಕೇಳಿಯಾಗಿತ್ತು, ನಾನು ಹೇಳಿದ್ದನ್ನ ನಂಬಿಯಾಗಿತ್ತು.

ನಾನು ಅಂದುಕೊಂಡದ್ದು ಕಾಗದ! ದೇವರು ಮೇಲಿದ್ದಾನೆ, ಕಾಗದ ಮಾತ್ರ! ಕೊನೆಯ ತಟ್ಟು ಬೀಳದೆ ಅಂಚು ಓರೆಯಾಗುತ್ತೆ, ಒಂದು ದಿನದ ಕೆಲಸ ಪೂರ್ತಿ ಓರೆಯಾಗುತ್ತೆ, ಮ್ಯಾನೇಜರ್ ಸ್ಟೋರಿಗೆ ಓಡಿ ಬರ್ತಾನೆ, "ನೀವಿಲ್ಲದೆ ಆಗಲ್ಲ ಸ್ವಾಮಿ" ಅಂತಾನೆ... ತಟ್ಟೋದು ಕೈ ಅಂತ, ಆ ಕೈ ನಿನ್ನದು ಅಂತ, ಒಂದು ಸಲ... ಒಂದೇ ಒಂದು ಸಲ ಹೊಳೀಲಿಲ್ಲವಲ್ಲೋ ನನಗೆ!

ನೀನು ಎಲ್ಲಾ ಕೇಳಿಸಿಕೊಂಡಿದ್ದೆ. ಆದರೂ ಸೋಮವಾರ ಕೈ ಇಟ್ಟೆ. ಯಾಕೆ ಇಟ್ಟೆ?

...ನನಗೆ ಗೊತ್ತು. ಭಾವ ಇಲ್ಲ ಅಂದಿದ್ದಾರೆ ಅಂದ್ರೆ ಏನೋ ಸರಿಮಾಡಿರ್ತಾರೆ ಅಂತ. ಅದನ್ನೇ ಖಾತ್ರಿ ಮಾಡ್ಕೊಳ್ಳೋಕೆ ಭಾನುವಾರ ಕೇಳಿದೆ. ತಟ್ಟೆ ಮುಂದೆ ಕೂತು. "ಎಲ್ಲಾ ಮೊದಲಿನ ಹಾಗೇ, ಊಟ ಮಾಡು" ಅಂದೆ ನಾನು. ಇನ್ನೊಂದು ಸುತ್ತು ಬಡಿಸು ಇವನಿಗೆ ಅಂತ ನಿಮ್ಮಕ್ಕನಿಗೂ ಹೇಳಿದೆ...

ಬೈಯಪ್ಪ. ಎದ್ದು ಹೋಗು ಅನ್ನು. ಈ ತಟ್ಟೆ ಎತ್ತಿ ಮುಖಕ್ಕೆ ಎಸಿ. ಏನಾದರೂ ಮಾಡು. ಎಷ್ಟು ಹೊತ್ತು ಬೇಕೋ ತಗೋ, ನಾನು ಕಾಯ್ತೀನಿ...

ಚಪ್ಪಲಿ ಸದ್ದು. ನಿಮ್ಮಕ್ಕನೇ.

ಅವಳ ಮುಂದೆ ನೀನು ಹೇಳ್ತೀಯಾ? ...ಇಲ್ಲ. ನೀನು ಹೇಳಲ್ಲ. ನಾಲ್ಕು ಗಂಟೆಗೆ ಅವರು ಬಂದರೂ ಹೀಗೇ ನನ್ನ ಮುಖ ನೋಡ್ತಾ ಮಲಗಿರ್ತೀಯ.

ಬಾರೇ. ಔಷಧಿ ಅಲ್ಲಿಡು. ಅವನನ್ನ ಮಾತಾಡಿಸಬೇಡ, ಅವನೇನೂ ಹೇಳಿಲ್ಲ. ಇಲ್ಲಿ ಬಾ, ನನ್ನ ಎದುರಿಗೆ ಕೂತ್ಕೋ.

ಆ ಹುಡುಗಿ ಕೇಳಿದ್ದಳು ಕಣೇ.